ಚೆಂಡಿಗೆ ತಾಗುವ ಕ್ಷಣದಲ್ಲಿ ಕೈಗಳು ಹಿಂದೆ ಉಳಿಯುತ್ತಿವೆ: ಮೊದಲು ತಿದ್ದಬೇಕಾದದ್ದು ಕೈಯನ್ನೋ, ಮೈಯನ್ನೋ?

ಏಳನೇ ಐರನ್ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಗಾಲ್ಫ್ ಆಡಲು ತೊಡಗಿ ನಾಲ್ಕು ವರ್ಷಗಳಾದವು. ಬಲಗೈ ಆಟಗಾರ. ಹ್ಯಾಂಡಿಕ್ಯಾಪ್ (ಆಟದ ಮಟ್ಟ ಸೂಚಿಸುವ ಅಂಕ, ಕಡಿಮೆಯಾದಷ್ಟೂ ಒಳ್ಳೆಯದು) 21ರ ಆಸುಪಾಸಿನಲ್ಲಿ ಒಂದೂವರೆ ವರ್ಷದಿಂದ ಕದಲದೆ ನಿಂತಿದೆ. ಪಟ್ಟಿಂಗ್ ಮತ್ತು ಚಿಪ್ಪಿಂಗ್‌ನಂಥ ಹತ್ತಿರದ ಹೊಡೆತಗಳು ತಕ್ಕಮಟ್ಟಿಗೆ ಸುಧಾರಿಸಿದ್ದರೂ ಐರನ್ (ನೆಲದ ಮೇಲಿನ ಚೆಂಡನ್ನು ಹೊಡೆಯುವ ಲೋಹದ ಕ್ಲಬ್) ಹೊಡೆತಗಳು ಮಾತ್ರ ಕೈಗೆ ಹತ್ತುತ್ತಿಲ್ಲ. ಹತ್ತು ಹೊಡೆತಗಳಲ್ಲಿ ಮೂರೋ ನಾಲ್ಕೋ ಚೆಂಡಿಗಿಂತ ಮೊದಲೇ ನೆಲಕ್ಕೆ ತಾಗುತ್ತವೆ, ಎರಡು ಚೆಂಡಿನ ನೆತ್ತಿಯನ್ನು ಸವರಿಕೊಂಡು ಹೋಗುತ್ತವೆ, ಚೆನ್ನಾಗಿ ತಾಗಿದವು ಕೂಡ ಬಹಳ ಎತ್ತರಕ್ಕೆ ಏರಿ, ಹೋಗಬೇಕಾದಷ್ಟು ದೂರ ಹೋಗದೆ ಬೀಳುತ್ತವೆ.

ಕಳೆದ ತಿಂಗಳು ನನ್ನ ಸ್ವಿಂಗನ್ನು ಫೋನಿನಲ್ಲಿ ನಿಧಾನಗತಿಯ ವಿಡಿಯೋ ಮಾಡಿ ನೋಡಿದೆ. ಎದುರಿನಿಂದ ನೋಡಿದಾಗ, ಕ್ಲಬ್ ಚೆಂಡಿಗೆ ತಾಗುವ ಹೊತ್ತಿಗೆ ನನ್ನ ಕೈಗಳು ಚೆಂಡಿಗಿಂತ ಹಿಂದೆಯೇ ಇರುತ್ತವೆ, ಎಡ ಮಣಿಕಟ್ಟು ಹಿಂದಕ್ಕೆ ಮಡಿಚಿಕೊಂಡಿರುತ್ತದೆ, ಕ್ಲಬ್‌ಹೆಡ್ (ಕ್ಲಬ್ಬಿನ ತಲೆ) ಕೈಗಳನ್ನು ಹಿಂದಿಕ್ಕಿ ಹೋಗಿರುತ್ತದೆ. ಪಕ್ಕದಿಂದ ನೋಡಿದಾಗ, ನಿಂತಾಗ ಬಾಗಿದ್ದ ಬೆನ್ನು ಆ ವೇಳೆಗೆ ನೆಟ್ಟಗಾಗಿ ಸೊಂಟ ಚೆಂಡಿನ ಕಡೆಗೆ ತಳ್ಳಿಕೊಂಡು ಬಂದಿರುತ್ತದೆ. ಒಳ್ಳೆಯ ಆಟಗಾರರ ಚಿತ್ರಗಳಲ್ಲಿ ಕಾಣುವುದು ಇದಕ್ಕೆ ನೇರ ವಿರುದ್ಧ: ಕೈಗಳು ಎಡ ತೊಡೆಯ ಮುಂದೆ, ಶಾಫ್ಟ್ (ಕ್ಲಬ್ಬಿನ ಕೋಲು) ಗುರಿಯ ಕಡೆಗೆ ವಾಲಿಕೊಂಡು, ಸೊಂಟ ಆಗಲೇ ಗುರಿಯ ಕಡೆ ತಿರುಗಿ.

ಆದ್ದರಿಂದ ಕೈಗಳನ್ನು ಮುಂದೆ ತಂದೇ ಹೊಡೆಯಬೇಕೆಂದು ಮೂರು ವಾರ ಹಟ ಹಿಡಿದು ಅಭ್ಯಾಸ ಮಾಡಿದೆ. ಕ್ಲಬ್ ಕೆಳಗಿಳಿಯುವ ಡೌನ್‌ಸ್ವಿಂಗ್‌ನಲ್ಲಿ ಕ್ಲಬ್ಬಿನ ಹಿಡಿಯನ್ನು ಗುರಿಯ ಕಡೆ ಎಳೆದುಕೊಂಡು ಹೋದೆ. ಫಲವಾಗಿ ಚೆಂಡು ತಗ್ಗಿನಲ್ಲಿ, ಬಹಳ ಬಲಕ್ಕೆ ಹೋಗತೊಡಗಿತು. ಕೆಲವು ಶ್ಯಾಂಕ್‌ಗಳೂ (ಶಾಫ್ಟ್ ಸೇರುವ ಬುಡಕ್ಕೆ ಚೆಂಡು ತಾಗಿ ಓರೆಯಾಗಿ ಹೋಗುವ ಹೊಡೆತ) ಆದವು. ಮೊದಲಿದ್ದ ಆಟವೂ ಕೆಟ್ಟಿತು.

ನನ್ನ ಪ್ರಶ್ನೆ ಇಷ್ಟು. ಇಂಪ್ಯಾಕ್ಟ್‌ನ, ಅಂದರೆ ಕ್ಲಬ್ ಚೆಂಡಿಗೆ ತಾಗುವ ಕ್ಷಣದ, ಈ ಸ್ಥಿತಿಯನ್ನು ಕೈಗಳಿಂದ ತಿದ್ದಲು ತೊಡಗಬೇಕೋ, ದೇಹದಿಂದಲೋ? ಯಾವ ಅಭ್ಯಾಸವನ್ನು ಯಾವ ಕ್ರಮದಲ್ಲಿ ಮಾಡಬೇಕು? ಅನುಭವಿಗಳು ದಯವಿಟ್ಟು ತಿಳಿಸಿ.

ನೇರಗೆರೆ ಉತ್ತರಿಸಿದ್ದಾರೆ:

ನಿಮ್ಮ ವಿವರಣೆಯನ್ನು ಎರಡು ಸಲ ಓದಿದೆ. ಕೈಗಳನ್ನು ಮುಂದೆ ತಂದ ಕೂಡಲೇ ಚೆಂಡು ಬಲಕ್ಕೆ ಹೋಯಿತು ಎಂದಿದ್ದೀರಲ್ಲ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಆ ಮಾತು. ನಿಮ್ಮ ತೊಂದರೆಯ ಬೇರು ಕ್ಲಬ್‌ಫೇಸ್‌ನಲ್ಲಿ, ಅಂದರೆ ಚೆಂಡಿಗೆ ತಾಗುವ ಮುಖದಲ್ಲಿದೆ ಎಂದು ಅದರಿಂದಲೇ ಊಹಿಸುತ್ತೇನೆ. ಕ್ಲಬ್ ಕೆಳಗಿಳಿಯುವಾಗ ಫೇಸ್ ತೆರೆದುಕೊಂಡಿದ್ದರೆ, ಅಂದರೆ ಗುರಿಗಿಂತ ಬಲಕ್ಕೆ ನೋಡುತ್ತಿದ್ದರೆ, ಅದನ್ನು ಚೆಂಡಿಗೆ ತಾಗುವ ಮೊದಲು ಹೇಗಾದರೂ ನೇರ ಮಾಡಲೇಬೇಕೆಂದು ದೇಹಕ್ಕೆ ಗೊತ್ತಿರುತ್ತದೆ. ಕೊನೆಯ ಗಳಿಗೆಯಲ್ಲಿ ಅದಕ್ಕೆ ಸಿಗುವ ಅತಿ ಸುಲಭದ ದಾರಿಯೆಂದರೆ ಎದ್ದು ನಿಂತು, ಕೈಗಳನ್ನು ತಡೆದು, ಕ್ಲಬ್‌ಹೆಡ್ಡನ್ನು ಮುಂದಕ್ಕೆ ಚಿಮ್ಮಿಸುವುದು. ಫ್ಲಿಪ್ ಎಂದು ನಾವು ಬೈಯುವ ಆ ಚಲನೆ ನಿಮ್ಮ ಮೈ ತಾನಾಗಿ ಹುಡುಕಿಕೊಂಡಿರುವ ಮದ್ದು. ಫೇಸ್ ತೆರೆದಿರುವಷ್ಟು ಕಾಲ ಆ ಮದ್ದನ್ನು ಕಿತ್ತುಕೊಂಡರೆ ಚೆಂಡು ಬಲಕ್ಕಲ್ಲದೆ ಬೇರೆಲ್ಲಿಗೂ ಹೋಗಲಾರದು, ಏಕೆಂದರೆ ಐರನ್ ಹೊಡೆತದಲ್ಲಿ ಚೆಂಡು ಹೊರಡುವ ದಿಕ್ಕಿನ ಬಹುಪಾಲನ್ನು, ಸುಮಾರು ಮುಕ್ಕಾಲು ಪಾಲನ್ನು, ತೀರ್ಮಾನಿಸುವುದು ಫೇಸ್ ನೋಡುತ್ತಿರುವ ಕಡೆಯೇ.

ಇದನ್ನು ಕೋಣೆಯಲ್ಲೇ ನಿಂತು ಪರೀಕ್ಷಿಸಬಹುದು. ಏಳನೇ ಐರನ್ನನ್ನು ಎಡಗೈಯೊಂದರಲ್ಲೇ ಹಿಡಿದು ಚೆಂಡಿನ ಮುಂದೆ ನಿಂತಂತೆ ನಿಲ್ಲಿ. ಈಗ ಮುಂಗೈಯನ್ನು ಸ್ವಲ್ಪವೂ ತಿರುಗಿಸದೆ, ಕ್ಲಬ್ಬಿನ ಹಿಡಿಯನ್ನು ಮಾತ್ರ ಒಂದು ಗೇಣಿನ ಅರ್ಧದಷ್ಟು ಗುರಿಯ ಕಡೆಗೆ ಸರಿಸಿ. ಶಾಫ್ಟ್ ಮುಂದಕ್ಕೆ ವಾಲುತ್ತಿದ್ದಂತೆ ಫೇಸ್ ಬಲಕ್ಕೆ ತೆರೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಈಗ ಹಿಡಿಯನ್ನು ಅಲ್ಲಿಯೇ ಉಳಿಸಿಕೊಂಡು, ಎಡ ಮಣಿಕಟ್ಟನ್ನು ಅಂಗೈಯ ಕಡೆಗೆ ತುಸು ಬಾಗಿಸಿ, ಅಂದರೆ ಕೈಗವಸಿನ ಮೇಲ್ಭಾಗ ನೆಲದ ಕಡೆ ಸ್ವಲ್ಪ ನೋಡುವಂತೆ ಮಾಡಿ. ಫೇಸ್ ಮತ್ತೆ ಗುರಿಯ ಕಡೆ ಬಂದು ನಿಲ್ಲುತ್ತದೆ. ಹೀಗೆ ಶಾಫ್ಟ್ ವಾಲುವುದು ಮತ್ತು ಫೇಸ್ ಮುಚ್ಚುವುದು ಒಂದೇ ಜೋಡಿಯ ಎರಡು ಎತ್ತುಗಳು. ನೀವು ಮೂರು ವಾರ ಒಂದನ್ನು ಮಾತ್ರ ನೊಗಕ್ಕೆ ಕಟ್ಟಿ ಓಡಿಸಿದ್ದೀರಿ.

ಇಂಪ್ಯಾಕ್ಟ್ ಸ್ಥಿತಿಯನ್ನು ಇಂಪ್ಯಾಕ್ಟ್‌ನಲ್ಲಿಯೇ ತಿದ್ದಲು ಏಕೆ ಆಗದು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಡೌನ್‌ಸ್ವಿಂಗ್ ಪೂರ್ತಿಯಾಗಿ ಮುಗಿಯಲು ಹಿಡಿಯುವ ಸಮಯ ಸುಮಾರು ಕಾಲು ಸೆಕೆಂಡು. ಚೆಂಡು ಫೇಸ್‌ಗೆ ಅಂಟಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಆ ಅವಧಿಯಲ್ಲಿ ಕ್ಲಬ್‌ಹೆಡ್ ಎರಡು ಸೆಂಟಿಮೀಟರ್ ಕೂಡ ಸಾಗಿರುವುದಿಲ್ಲ. ಏನೋ ತಪ್ಪುತ್ತಿದೆ ಎಂದು ಮಿದುಳು ಅರಿತು ಸ್ನಾಯುಗಳಿಗೆ ಹೊಸ ಆದೇಶ ಕಳುಹಿಸುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಹಿಡಿತದಲ್ಲಿ, ಕ್ಲಬ್ ಹಿಂದಕ್ಕೆ ಎತ್ತುವ ಬ್ಯಾಕ್‌ಸ್ವಿಂಗ್‌ನಲ್ಲಿ, ಕೆಳಗಿಳಿಯುವ ಮೊದಲ ಅರ್ಧದಲ್ಲಿ ಏನನ್ನು ಸಿದ್ಧಪಡಿಸಿರುತ್ತೇವೋ ಅದರ ಫಲವೇ ಇಂಪ್ಯಾಕ್ಟ್.

ಹಿಡಿಯನ್ನು ಗುರಿಯ ಕಡೆ ಎಳೆಯುತ್ತಲೇ ಇರಬೇಕೆಂಬ ಸಲಹೆಯೂ ಪೂರ್ತಿ ಸರಿಯಲ್ಲ. ಒಳ್ಳೆಯ ಸ್ವಿಂಗ್‌ನಲ್ಲಿ ವೇಗ ಸೊಂಟದಿಂದ ಎದೆಗೆ, ಎದೆಯಿಂದ ತೋಳಿಗೆ, ತೋಳಿನಿಂದ ಕ್ಲಬ್ಬಿಗೆ ದಾಟುತ್ತದೆ. ಚೆಂಡಿನ ಹತ್ತಿರ ಬರುವಾಗ ಕೈಗಳ ವೇಗ ವಾಸ್ತವದಲ್ಲಿ ತಗ್ಗುತ್ತದೆ, ಕ್ಲಬ್‌ಹೆಡ್‌ನ ವೇಗ ಏರುತ್ತದೆ. ಚಾವಟಿ ಬೀಸಿದಾಗ ಹಿಡಿ ನಿಧಾನವಾಗಿ ತುದಿ ಸಿಡಿಯುವುದೂ ಹೀಗೆಯೇ.

ಮೊದಲು ಎರಡು ವಿಷಯಗಳನ್ನು ನೋಡಿಕೊಂಡು ಇಲ್ಲಿ ಬರೆಯಿರಿ. ಒಂದು, ಚೆಂಡಿನ ಮುಂದೆ ನಿಂತು ಕೆಳಗೆ ನೋಡಿದಾಗ ಎಡಗೈಯ ಎಷ್ಟು ಬೆರಳಿನ ಗೆಣ್ಣುಗಳು ನಿಮಗೆ ಕಾಣುತ್ತವೆ? ಎರಡರಿಂದ ಮೂರು ಕಂಡರೆ ಸರಿ. ಒಂದೇ ಕಂಡರೆ ಅಥವಾ ಒಂದೂ ಕಾಣದಿದ್ದರೆ ಗ್ರಿಪ್ ದುರ್ಬಲವೆಂದೇ ಅರ್ಥ (ಸಡಿಲವೆಂದಲ್ಲ, ಕೈ ಹಿಡಿಯ ಮೇಲೆ ಎಡಕ್ಕೆ ಹೆಚ್ಚು ತಿರುಗಿದೆ ಎಂದು). ಎರಡು, ಡೌನ್‌ಸ್ವಿಂಗ್‌ನಲ್ಲಿ ಶಾಫ್ಟ್ ನೆಲಕ್ಕೆ ಸಮಾನಾಂತರವಾಗುವ ಚಿತ್ರವನ್ನು ಪಕ್ಕದಿಂದ ನಿಲ್ಲಿಸಿ ನೋಡಿ. ಕ್ಲಬ್ಬಿನ ಮುಂದಿನ ಅಂಚು ನಿಮ್ಮ ಬೆನ್ನಿನ ಬಾಗಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು. ಫೇಸ್ ಆಕಾಶ ನೋಡುತ್ತಿದ್ದರೆ ನನ್ನ ಊಹೆ ನಿಜ.

ವಿಡಿಯೋ ಬಗ್ಗೆ ಒಂದು ಎಚ್ಚರಿಕೆ. ಸೆಕೆಂಡಿಗೆ 240 ಚಿತ್ರ ಹಿಡಿಯುವ ಫೋನಿನಲ್ಲಿಯೂ ಕ್ಲಬ್‌ಹೆಡ್ ಗಂಟೆಗೆ 80 ಮೈಲಿ ವೇಗದಲ್ಲಿದ್ದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 15 ಸೆಂಟಿಮೀಟರ್ ಸಾಗಿಬಿಟ್ಟಿರುತ್ತದೆ. ನೀವು ಇಂಪ್ಯಾಕ್ಟ್ ಎಂದುಕೊಂಡ ಚಿತ್ರ ಚೆಂಡು ಹೊರಟ ನಂತರದ್ದಾಗಿರಬಹುದು, ಆಗ ಎಲ್ಲರ ಮಣಿಕಟ್ಟೂ ಮಡಿಚಿಕೊಳ್ಳತೊಡಗಿರುತ್ತದೆ. ಕ್ಯಾಮೆರಾವನ್ನು ಕೈಗಳ ಎತ್ತರಕ್ಕೆ, ಚೆಂಡಿಗೆ ಸರಿಯಾಗಿ ಎದುರು ಇಡಿ. ಒಂದು ಹೆಜ್ಜೆ ಅತ್ತಿತ್ತ ಆದರೂ ಶಾಫ್ಟಿನ ವಾಲು ಸುಳ್ಳು ಹೇಳುತ್ತದೆ. ಫೋನಿನ ಕ್ಯಾಮೆರಾ ಚಿತ್ರವನ್ನು ಸಾಲುಸಾಲಾಗಿ ದಾಖಲಿಸುವುದರಿಂದ ವೇಗದಲ್ಲಿರುವ ಶಾಫ್ಟ್ ಬಿಲ್ಲಿನಂತೆ ಬಗ್ಗಿದಂತೆ ಕಾಣುವುದೂ ಉಂಟು. ಅದನ್ನು ನಂಬಬೇಡಿ.

ಹುಲ್ಲುಹಾಸು ಉತ್ತರಿಸಿದ್ದಾರೆ:

ನೇರಗೆರೆಯವರು ಫೇಸ್ ಬಗ್ಗೆ ಬರೆದದ್ದನ್ನು ಒಪ್ಪುತ್ತೇನೆ. ಆದರೆ ದೇಹವನ್ನು ಕೇವಲ ಫೇಸ್‌ನ ಹಿಂದೆ ನಡೆಯುವ ನೆರಳೆಂದು ನೋಡಬಾರದು ಎಂಬುದು ನನ್ನ ಅಭಿಪ್ರಾಯ. ಫೇಸ್ ಸರಿಯಿದ್ದೂ ಸೊಂಟ ಚೆಂಡಿನ ಕಡೆ ತಳ್ಳಿಕೊಂಡು ಬರುವ ಆಟಗಾರರನ್ನು ನಾನು ಬಹಳ ನೋಡಿದ್ದೇನೆ, ಎರಡು ವರ್ಷ ನಾನೂ ಅವರಲ್ಲೊಬ್ಬನಾಗಿದ್ದೆ. ಸೊಂಟ ಮುಂದೆ ಬಂದರೆ ಕೈಗಳಿಗೆ ಹಾದುಹೋಗಲು ಜಾಗವೇ ಉಳಿಯುವುದಿಲ್ಲ. ಬಲ ಮೊಣಕೈ ಬಲ ಸೊಂಟದ ಮುಂದಿನಿಂದ ಹಾಯಬೇಕಾದಲ್ಲಿ ಸೊಂಟವೇ ಅಡ್ಡ ನಿಂತಿರುತ್ತದೆ. ಆಗ ತೋಳುಗಳು ಹೊರಕ್ಕೆ ಹೋಗುತ್ತವೆ ಇಲ್ಲವೇ ನಿಂತುಬಿಡುತ್ತವೆ. ಹೊರಕ್ಕೆ ಹೋದರೆ ಶ್ಯಾಂಕ್, ನಿಂತರೆ ಫ್ಲಿಪ್. ನಿಮಗೆ ಎರಡೂ ಆಗುತ್ತಿರುವುದು ಇದಕ್ಕೆ ಸಾಕ್ಷಿ ಎನಿಸುತ್ತದೆ.

ಒಳ್ಳೆಯ ಐರನ್ ಹೊಡೆತದ ಇಂಪ್ಯಾಕ್ಟ್‌ನಲ್ಲಿ ದೇಹ ಎಲ್ಲಿರುತ್ತದೆ ಎಂಬುದನ್ನು ಮನಸ್ಸಿನಲ್ಲಿ ಸ್ಪಷ್ಟವಾಗಿ ಇಟ್ಟುಕೊಳ್ಳಬೇಕು. ವೃತ್ತಿಪರರಲ್ಲಿ ಸೊಂಟ ಗುರಿಯ ಕಡೆ ಸುಮಾರು 35ರಿಂದ 45 ಡಿಗ್ರಿ ತೆರೆದಿರುತ್ತದೆ, ಭುಜಗಳು ಅದಕ್ಕಿಂತ ಕಡಿಮೆ ತೆರೆದಿರುತ್ತವೆ. ಪಾದಗಳ ಮೇಲಿನ ಒತ್ತಡದ ಮುಕ್ಕಾಲು ಪಾಲಿಗೂ ಮಿಕ್ಕು ಎಡಗಾಲಿನ ಮೇಲೆ, ಅದರಲ್ಲೂ ಹಿಮ್ಮಡಿಯ ಕಡೆಗೆ ಇರುತ್ತದೆ. ಬಲ ಹಿಮ್ಮಡಿ ನೆಲದಿಂದ ತುಸು ಎದ್ದಿರುತ್ತದೆ. ಬಲ ಭುಜ ಎಡ ಭುಜಕ್ಕಿಂತ ತಗ್ಗಿನಲ್ಲಿರುತ್ತದೆ, ಬಲಪಕ್ಕೆ ಕುಗ್ಗಿರುತ್ತದೆ. ಬಲ ಮೊಣಕೈ ಇನ್ನೂ ಪೂರ್ತಿ ನೇರವಾಗಿರುವುದಿಲ್ಲ. ಅದು ನೇರವಾಗುವುದು ಚೆಂಡು ಹೊರಟ ನಂತರ. ಎಡಗಾಲು ಮಾತ್ರ ನೇರವಾಗುತ್ತಾ ಎಡ ಸೊಂಟವನ್ನು ಹಿಂದಕ್ಕೂ ಮೇಲಕ್ಕೂ ತಳ್ಳುತ್ತಿರುತ್ತದೆ. ಇಲ್ಲಿ ‘ಹಿಂದಕ್ಕೆ’ ಎಂಬ ಮಾತು ಮುಖ್ಯ. ನಿಮ್ಮಲ್ಲಿ ಅದು ಮುಂದಕ್ಕೆ ಬರುತ್ತಿದೆ.

ನನಗೆ ನೆರವಾದ ಅಭ್ಯಾಸಕ್ಕೆ ಕ್ಲಬ್ಬೂ ಬೇಡ, ಚೆಂಡೂ ಬೇಡ, ಗೋಡೆಯೊಂದಿದ್ದರೆ ಸಾಕು. ಪೃಷ್ಠ ಗೋಡೆಗೆ ತಾಗಿಯೂ ತಾಗದಂತೆ ಬಾಗಿ ನಿಂತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಬ್ಯಾಕ್‌ಸ್ವಿಂಗ್‌ನಂತೆ ತಿರುಗಿದಾಗ ಬಲಭಾಗ ಗೋಡೆಗೆ ಒತ್ತಬೇಕು. ಅಲ್ಲಿಂದ ಕೆಳಗಿಳಿಯುವಾಗ ಬಲಭಾಗ ಗೋಡೆ ಬಿಡುವುದಕ್ಕೆ ಮೊದಲೇ ಎಡಭಾಗ ಬಂದು ತಾಗಬೇಕು, ಮತ್ತು ಇಂಪ್ಯಾಕ್ಟ್ ದಾಟುವವರೆಗೂ ಎಡಭಾಗ ಗೋಡೆಗೆ ಒತ್ತಿಕೊಂಡೇ ಇರಬೇಕು. ಮೊದಲ ದಿನ ಇದನ್ನು ಮಾಡಿದಾಗ, ಎರಡೂ ಭಾಗ ಒಟ್ಟಿಗೇ ಗೋಡೆ ಬಿಟ್ಟು ಬೆನ್ನ ಹಿಂದೆ ಗಾಳಿ ಸುಳಿದದ್ದು ನನಗೆ ಇನ್ನೂ ನೆನಪಿದೆ. ಒಂದು ವಾರ ಬೆಳಿಗ್ಗೆ ಸಂಜೆ ಇಪ್ಪತ್ತಿಪ್ಪತ್ತು ಸಲ ನಿಧಾನವಾಗಿ ಮಾಡಿದ ಮೇಲೆ ಮಾತ್ರ ಕ್ಲಬ್ ಹಿಡಿದೆ.

ಒತ್ತಡವನ್ನು ಎಡಗಾಲಿಗೆ ದಾಟಿಸುವ ಹೊತ್ತಿನ ಬಗ್ಗೆಯೂ ಒಂದು ಮಾತು. ಚೆಂಡಿನ ಹತ್ತಿರ ಬಂದ ಮೇಲೆ ದಾಟಿಸಲು ಹೋದರೆ ತಡವಾಯಿತೆಂದೇ ತಿಳಿಯಬೇಕು. ಎಡಗೈ ಕೆಳಗಿಳಿಯುತ್ತಾ ನೆಲಕ್ಕೆ ಸಮಾನಾಂತರವಾಗುವಷ್ಟರಲ್ಲೇ ಒತ್ತಡ ಎಡಕ್ಕೆ ಬಂದಾಗಿರಬೇಕು. ಬ್ಯಾಕ್‌ಸ್ವಿಂಗ್ ಮುಗಿಯುವ ಮುನ್ನವೇ ಎಡ ಹಿಮ್ಮಡಿಯನ್ನು ನೆಲಕ್ಕೆ ಊರುವ ಭಾವನೆ ಇಟ್ಟುಕೊಂಡರೆ ಇದು ಸಾಧ್ಯವಾಗುತ್ತದೆ. ಕಾಲಿನ ಕೀಲು ಅಥವಾ ಸೊಂಟದ ಕೀಲು ಬಿಗಿಯಾಗಿರುವವರಿಗೆ ಪಾದಗಳನ್ನು ನೇರವಾಗಿಟ್ಟು ಇಷ್ಟು ತಿರುಗಲು ಆಗುವುದಿಲ್ಲ. ಎಡಪಾದದ ತುದಿಯನ್ನು ಗುರಿಯ ಕಡೆ ಇಪ್ಪತ್ತು ಮೂವತ್ತು ಡಿಗ್ರಿ ತೆರೆದು ನಿಂತರೆ ಅವರಿಗೆ ಬಹಳ ಅನುಕೂಲ.

ಒಬ್ಬರ ಚಿತ್ರವನ್ನೇ ಅಚ್ಚೊತ್ತಿದಂತೆ ಅನುಕರಿಸಬೇಕಾಗಿಲ್ಲ. ಅಮೆರಿಕದ ವೃತ್ತಿಪರ ಆಟಗಾರ ಜಿಮ್ ಫ್ಯೂರಿಕ್ ಅವರ ಬ್ಯಾಕ್‌ಸ್ವಿಂಗ್‌ನಲ್ಲಿ ಕ್ಲಬ್ ಎಲ್ಲೆಲ್ಲೋ ಸುತ್ತಿ ಬರುತ್ತದೆ, ಆದರೆ ಚೆಂಡಿಗೆ ತಾಗುವ ಹೊತ್ತಿಗೆ ಎಲ್ಲವೂ ತನ್ನ ತನ್ನ ಜಾಗದಲ್ಲಿರುತ್ತದೆ. ಅದೇ ಸ್ವಿಂಗ್‌ನಿಂದ ಅವರು 2003ರ ಯು.ಎಸ್. ಓಪನ್ ಗೆದ್ದರು, 2016ರಲ್ಲಿ ಪಿಜಿಎ ಟೂರಿನ (ಅಮೆರಿಕದ ವೃತ್ತಿಪರ ಪಂದ್ಯಾವಳಿಗಳ ಸರಣಿ) ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿದರು. ಜೋರ್ಡನ್ ಸ್ಪೀತ್ ಅವರ ಎಡ ಮೊಣಕೈ ಇಂಪ್ಯಾಕ್ಟ್ ದಾಟುವಾಗ ಪಾಠದಲ್ಲಿ ಹೇಳುವುದಕ್ಕಿಂತ ಹೆಚ್ಚು ಮಡಿಚಿರುತ್ತದೆ, ಆದರೂ 2015ರಲ್ಲಿ ಮಾಸ್ಟರ್ಸ್ ಮತ್ತು ಯು.ಎಸ್. ಓಪನ್ ಎರಡನ್ನೂ ಗೆದ್ದರು. ನೋಟ ಬೇರೆಬೇರೆಯಾದರೂ ಫೇಸ್ ಎಲ್ಲಿ ನೋಡುತ್ತಿದೆ, ಸ್ವಿಂಗ್‌ನ ಅತಿ ತಗ್ಗಿನ ಬಿಂದು ಎಲ್ಲಿ ಬೀಳುತ್ತಿದೆ ಎಂಬ ಎರಡು ವಿಷಯಗಳಲ್ಲಿ ಅವರು ತಪ್ಪುವುದು ಅಪರೂಪ.

ಏಳನೇ ಐರನ್ ಬರೆದಿದ್ದಾರೆ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೇಳಿದ್ದನ್ನೆಲ್ಲ ನೋಡಿಕೊಂಡೆ. ಎಡಗೈಯ ಗೆಣ್ಣುಗಳಲ್ಲಿ ನನಗೆ ಕಾಣುವುದು ಒಂದೇ, ಅದೂ ಅರೆಬರೆ. ಇನ್ನೊಂದು ವಿಷಯವೂ ಗಮನಕ್ಕೆ ಬಂತು. ನನ್ನ ಕೈಗವಸು ಪ್ರತಿಸಲವೂ ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಯ ದಿಂಡಿನ ಮೇಲೆಯೇ ಸವೆದು ತೂತಾಗುತ್ತದೆ. ಕೈಗವಸಿನ ಗುಣಮಟ್ಟ ಸರಿಯಿಲ್ಲವೆಂದು ಇಷ್ಟು ದಿನ ಭಾವಿಸಿದ್ದೆ. ಕ್ಲಬ್ಬಿನ ಹಿಡಿ ಬೆರಳುಗಳಲ್ಲಿ ಕೂರದೆ ಅಂಗೈಯ ಅಡ್ಡಕ್ಕೆ ಕುಳಿತು ಅಲ್ಲಿ ಉಜ್ಜುತ್ತಿದೆ ಎಂದು ಈಗ ತೋರುತ್ತದೆ.

ಶಾಫ್ಟ್ ಸಮಾನಾಂತರವಾಗುವ ಚಿತ್ರದಲ್ಲಿ ಫೇಸ್ ನಿಚ್ಚಳವಾಗಿ ಆಕಾಶ ನೋಡುತ್ತಿದೆ. ಗೋಡೆಯ ಪರೀಕ್ಷೆಯಲ್ಲಿಯೂ ಎರಡೂ ಭಾಗ ಒಟ್ಟಿಗೇ ಗೋಡೆ ಬಿಟ್ಟವು. ಕ್ಯಾಮೆರಾವನ್ನು ಸರಿಯಾಗಿ ಚೆಂಡಿನ ಎದುರು ಇಟ್ಟು ನೋಡಿದಾಗ ಕೈಗಳು ನಾನು ಅಂದುಕೊಂಡಷ್ಟು ಹಿಂದೆ ಇಲ್ಲ. ಚೆಂಡಿನ ನೇರಕ್ಕೆ, ಕೂದಲೆಳೆಯಷ್ಟು ಹಿಂದೆ ಇವೆ.

ಈಗ ಎರಡು ಪ್ರಶ್ನೆಗಳು. ಗ್ರಿಪ್ ಬದಲಿಸಿದರೆ ಹಳೆಯ ಫ್ಲಿಪ್ ಅಭ್ಯಾಸವೂ ಸೇರಿ ಚೆಂಡು ಎಡಕ್ಕೆ ಹುಕ್ ಆಗುವುದಿಲ್ಲವೇ? ಮತ್ತು ಅತಿ ದೂರಕ್ಕೆ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಲ್ಲಿಯೂ ಕೈಗಳು ಚೆಂಡಿಗಿಂತ ಮುಂದೆ ಇರಬೇಕೇ?

ನೇರಗೆರೆ ಉತ್ತರಿಸಿದ್ದಾರೆ:

ಕೈಗವಸಿನ ತೂತನ್ನು ಗಮನಿಸಿದ್ದು ಬಹಳ ಒಳ್ಳೆಯದಾಯಿತು. ಅಂಗೈಯಲ್ಲಿ ಹಿಡಿದ ಕ್ಲಬ್ಬಿಗೆ ಮಣಿಕಟ್ಟು ಸಲೀಸಾಗಿ ಬಗ್ಗುವುದಿಲ್ಲ, ಬ್ಯಾಕ್‌ಸ್ವಿಂಗ್‌ನ ಕೊನೆಯಲ್ಲಿ ಹಿಡಿ ಜಾರಿ ಉಜ್ಜುತ್ತದೆ. ಹಿಡಿ ತೋರುಬೆರಳಿನ ನಡುಗೆಣ್ಣಿನಿಂದ ಕಿರುಬೆರಳಿನ ಬುಡಕ್ಕೆ ಓರೆಯಾಗಿ ಕೂರಲಿ, ಅಂಗೈಯ ದಿಂಡು ಹಿಡಿಯ ಮೇಲ್ಭಾಗದಲ್ಲಿ ಬರಲಿ. ಕೆಳಗೆ ನೋಡಿದಾಗ ಎರಡೂವರೆ ಗೆಣ್ಣು ಕಾಣಲಿ. ಬಲಗೈಯೂ ಅದಕ್ಕೆ ಹೊಂದಿಕೊಂಡು, ಹೆಬ್ಬೆರಳು ತೋರುಬೆರಳುಗಳ ನಡುವಿನ ಗೆರೆ ಬಲ ಭುಜದ ಕಡೆ ತೋರಿಸಲಿ.

ಹುಕ್ ಆಗುತ್ತದೆಯೇ ಎಂದು ಕೇಳಿದ್ದೀರಿ. ಆಗುತ್ತದೆ, ಮತ್ತು ಆಗಬೇಕು. ಚೆಂಡು ಎಡಕ್ಕೆ ಹೋಗತೊಡಗಿದಾಗಲೇ ದೇಹಕ್ಕೆ ಕೈಗಳನ್ನು ಮುಂದೆ ಒಯ್ಯಲು ಮತ್ತು ಸೊಂಟವನ್ನು ತಿರುಗಿಸುತ್ತಲೇ ಇರಲು ಒಂದು ಕಾರಣ ಸಿಗುತ್ತದೆ. ಇದುವರೆಗೆ ಎದ್ದು ನಿಲ್ಲಲು ಕಾರಣವಿತ್ತು, ಈಗ ತಿರುಗಲು ಕಾರಣ ಬರುತ್ತದೆ. ಮೊದಲ ಎರಡು ವಾರ ಎಡಕ್ಕೆ ಹೋದ ಚೆಂಡುಗಳನ್ನು ಕಂಡು ಹೆದರಿ ಹಳೆಯ ಗ್ರಿಪ್‌ಗೆ ಮರಳುವವರೇ ಹೆಚ್ಚು, ನೀವು ಮರಳಬೇಡಿ.

ಅಭ್ಯಾಸ ಹೀಗಿರಲಿ. ಮೊದಲ ವಾರ ಪೂರ್ತಿ ಸ್ವಿಂಗ್ ಬೇಡವೇ ಬೇಡ. ಎಡಗೈ ನೆಲಕ್ಕೆ ಸಮಾನಾಂತರವಾಗುವಷ್ಟು ಹಿಂದಕ್ಕೆ, ಬಲಗೈ ಸಮಾನಾಂತರವಾಗುವಷ್ಟು ಮುಂದಕ್ಕೆ, ಗಡಿಯಾರದ ಒಂಬತ್ತರಿಂದ ಮೂರಕ್ಕೆ. ಹುಲ್ಲಿನ ಮೇಲೆ ಸುಣ್ಣದಲ್ಲೋ ಬಣ್ಣದಲ್ಲೋ ಒಂದು ಅಡ್ಡಗೆರೆ ಎಳೆದು, ಗೆರೆ ನಿಮ್ಮ ಎರಡು ಪಾದಗಳ ನಡುವೆ ಬರುವಂತೆ ನಿಂತು, ಚೆಂಡಿಲ್ಲದೆ ಹತ್ತು ಸಲ ಬೀಸಿ. ಡಿವಟ್ (ಕ್ಲಬ್ ಕಿತ್ತ ಹುಲ್ಲಿನ ಗುರುತು) ಗೆರೆಯ ಮೇಲೆ ಅಥವಾ ಅದರಿಂದ ಗುರಿಯ ಕಡೆಗೆ ಶುರುವಾಗಬೇಕು. ಗೆರೆಗಿಂತ ಹಿಂದೆ ಹುಲ್ಲು ಕಿತ್ತುಬಂದರೆ ಅತಿ ತಗ್ಗಿನ ಬಿಂದು ಹಿಂದಿದೆ. ಕುಶಲ ಆಟಗಾರರಲ್ಲಿ ನಡುಮಟ್ಟದ ಐರನ್‌ಗೆ ಆ ಬಿಂದು ಚೆಂಡಿಗಿಂತ ಸುಮಾರು ನಾಲ್ಕು ಅಂಗುಲ ಮುಂದೆ ಇರುತ್ತದೆ. ಕೈಗಳು ಎಲ್ಲಿದ್ದವು ಎಂದು ಯೋಚಿಸಲೇಬೇಡಿ, ಗೆರೆಯನ್ನು ಮಾತ್ರ ನೋಡಿ. ಡಿವಟ್ ಮುಂದೆ ಬಂದಿದ್ದರೆ ಕೈಗಳೂ ಮುಂದೆ ಬಂದಿರುತ್ತವೆ, ಆಮೇಲೆ ಚೆಂಡಿಟ್ಟು ಹೊಡೆದಾಗ ಅದು ನೇರ ಹೊರಟಿದ್ದರೆ ಫೇಸ್ ಸರಿಯಿರುತ್ತದೆ.

ಶಾಫ್ಟ್ ಎಷ್ಟು ವಾಲಬೇಕೆಂಬ ಆಸೆಗೂ ಮಿತಿ ಬೇಕು. ಏಳನೇ ಐರನ್‌ಗೆ 5ರಿಂದ 10 ಡಿಗ್ರಿ ಮುಂದಕ್ಕೆ ವಾಲಿದರೆ ಧಾರಾಳವಾಯಿತು. ನಿಮ್ಮ ಹೊಡೆತಗಳು ಎತ್ತರ ಏರಿ ಹತ್ತಿರ ಬೀಳುವುದಕ್ಕೂ ಇದೇ ಲೆಕ್ಕ: ಒಂದು ಐರನ್‌ಗೂ ಮುಂದಿನದಕ್ಕೂ ಲಾಫ್ಟ್‌ನ (ಫೇಸ್ ಹಿಂದಕ್ಕೆ ವಾಲಿರುವ ಕೋನದ) ಅಂತರ ಸುಮಾರು 4 ಡಿಗ್ರಿ. ಶಾಫ್ಟ್ 8 ಡಿಗ್ರಿ ಹಿಂದಕ್ಕೆ ವಾಲಿದರೆ ಏಳನೇ ಐರನ್ ನಿಮ್ಮ ಕೈಯಲ್ಲೇ ಒಂಬತ್ತನೇ ಐರನ್ ಆಗಿಬಿಟ್ಟಿರುತ್ತದೆ.

ಡ್ರೈವರ್ ವಿಷಯ ಬೇರೆ. ಅಲ್ಲಿ ಚೆಂಡು ಟೀ (ಚೆಂಡನ್ನು ಎತ್ತಿ ನಿಲ್ಲಿಸುವ ಪುಟ್ಟ ಗೂಟ) ಮೇಲೆ, ಎಡ ಹಿಮ್ಮಡಿಯ ನೇರಕ್ಕೆ ಇರುತ್ತದೆ. ಕ್ಲಬ್ ತಗ್ಗಿನ ಬಿಂದು ದಾಟಿ ಮೇಲೇಳುವಾಗ ತಾಗಿದರೆ ಒಳ್ಳೆಯದು. ದೇಹಕ್ಕೆ ಹೋಲಿಸಿದರೆ ಕೈಗಳು ಐರನ್ ಹೊಡೆತದಲ್ಲಿ ಇರುವಲ್ಲಿಗೇ ಹೆಚ್ಚುಕಡಿಮೆ ಬರುತ್ತವೆ, ಚೆಂಡೇ ಮುಂದೆ ಹೋಗಿರುತ್ತದೆ. ಆದ್ದರಿಂದ ಶಾಫ್ಟ್ ನೆಟ್ಟಗೆ ಇದ್ದಂತೆ ಕಾಣುತ್ತದೆ. ಡ್ರೈವರ್‌ನಲ್ಲಿ ಹಿಡಿಯನ್ನು ಮುಂದೆ ಒತ್ತಲು ಹೋಗಬೇಡಿ.

ಸಂಜೆಯಾಟ ಉತ್ತರಿಸಿದ್ದಾರೆ:

ಚರ್ಚೆ ಚೆನ್ನಾಗಿ ನಡೆದಿದೆ. ಪೆಟ್ಟಾಗಿ ಕಲಿತ ಒಂದೆರಡು ವಿಷಯಗಳನ್ನು ಸೇರಿಸಲು ಬಯಸುತ್ತೇನೆ.

ಕೃತಕ ಹುಲ್ಲಿನ ಚಾಪೆಯ ಮೇಲೆ ಅಭ್ಯಾಸ ಮಾಡುವವರು ಜಾಗ್ರತೆಯಿಂದಿರಬೇಕು. ಕ್ಲಬ್ ಚೆಂಡಿಗಿಂತ ಎರಡು ಅಂಗುಲ ಹಿಂದೆ ಚಾಪೆಗೆ ತಾಗಿದರೂ ಪುಟಿದು ಮುಂದೆ ಜಾರಿ ಚೆಂಡನ್ನು ಚೆನ್ನಾಗಿಯೇ ಹೊಡೆಯುತ್ತದೆ, ತಪ್ಪು ತಪ್ಪೆಂದು ತಿಳಿಯುವುದೇ ಇಲ್ಲ. ನಿಜವಾದ ಹುಲ್ಲಿನ ಮೇಲೆ ಅದೇ ಹೊಡೆತ ಅರ್ಧ ದೂರವೂ ಹೋಗುವುದಿಲ್ಲ. ಚಾಪೆಯಲ್ಲಿ ಗೆರೆಯ ಬದಲು ಮಡಿಚಿದ ಟವೆಲ್ಲನ್ನು ಚೆಂಡಿನ ಹಿಂದೆ ಒಂದು ಅಂಗೈಯಗಲ ಬಿಟ್ಟು ಇಡಿ. ಟವೆಲ್ ಅಲುಗದೆ ಚೆಂಡು ಹೊರಟರೆ ಸರಿ. ಇದನ್ನು ಒಂಬತ್ತನೇ ಐರನ್‌ನಿಂದ ಶುರುಮಾಡುವುದು ಸುಲಭ.

ಕೈಗಳನ್ನು ಮುಂದೆ ಬಲವಂತವಾಗಿ ಹಿಡಿದು ಚಾಪೆಯ ಮೇಲೆ ದಿನಕ್ಕೆ ನೂರೈವತ್ತು ಚೆಂಡು ಹೊಡೆದು ನನ್ನ ಎಡ ಮಣಿಕಟ್ಟು ಎರಡು ತಿಂಗಳು ನೋಯುವಂತೆ ಮಾಡಿಕೊಂಡೆ. ಕ್ಲಬ್ ಕಡಿದಾಗಿ ಇಳಿದು ಗಟ್ಟಿ ನೆಲಕ್ಕೆ ಅಪ್ಪಳಿಸಿದಾಗ ಹಿಡಿಯ ತುದಿ ಅಂಗೈಯ ಬುಡಕ್ಕೆ ಒತ್ತುತ್ತದೆ. ಕಿರುಬೆರಳಿನ ಬದಿಯಲ್ಲಿರುವ ಪುಟ್ಟ ಮೂಳೆಯ ಕೊಕ್ಕೆ ಬಿರುಕು ಬಿಡುವುದು ಗಾಲ್ಫ್ ಆಟಗಾರರಲ್ಲಿ ವೈದ್ಯರಿಗೆ ಪರಿಚಿತವಾದ ಗಾಯ. ಆ ಜಾಗದಲ್ಲಿ ಒತ್ತಿದಾಗ ನೋವು ಬಂದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಏಳನೇ ಐರನ್ ಅವರ ಹಿಡಿಯೂ ಅಲ್ಲಿಯೇ ಕೂರುತ್ತಿತ್ತೆಂದು ಓದಿ ಇದನ್ನು ಬರೆಯಬೇಕೆನಿಸಿತು.

ಇನ್ನೊಂದು, ಚಿಪ್ ಹೊಡೆತಕ್ಕೆ ಈ ಪಾಠವನ್ನು ಹಾಗೆಯೇ ಒಯ್ಯಬೇಡಿ. ಚಿಪ್ ಹೊಡೆಯುವ ವೆಡ್ಜ್ ಕ್ಲಬ್ಬಿನ ತಳದ ಉಬ್ಬು ಹುಲ್ಲಿನ ಮೇಲೆ ಜಾರಲೆಂದೇ ಇರುವುದು. ಶಾಫ್ಟನ್ನು ಅತಿಯಾಗಿ ವಾಲಿಸಿದರೆ ಉಬ್ಬು ಮೇಲೆದ್ದು ಮುಂದಿನ ಅಂಚು ನೆಲವನ್ನು ಅಗೆಯುತ್ತದೆ. ಚಿಪ್ ಮಾಡುವಾಗ ಹಿಡಿ ಚೆಂಡಿಗಿಂತ ತುಸುವೇ ಮುಂದಿದ್ದರೆ ಸಾಕು.

ಏಳನೇ ಐರನ್ ಬರೆದಿದ್ದಾರೆ:

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ನೇರಗೆರೆಯವರು ಎಚ್ಚರಿಸಿದ್ದಂತೆಯೇ ಮೊದಲ ಹತ್ತು ದಿನ ಚೆಂಡು ಎಡಕ್ಕೆ ಬಳುಕಿ ಹೋಯಿತು. ಹಳೆಯ ಗ್ರಿಪ್‌ಗೆ ಮರಳಬೇಕೆಂಬ ಆಸೆ ಎರಡು ಸಲ ಬಂದರೂ ಮರಳಲಿಲ್ಲ. ಗೋಡೆಯ ಅಭ್ಯಾಸವನ್ನು ದಿನವೂ ಮಾಡಿದೆ, ಎಡಪಾದವನ್ನು ತುಸು ತೆರೆದು ನಿಲ್ಲತೊಡಗಿದೆ. ಮೂರನೆಯ ವಾರ ಒಂದು ಸಂಜೆ, ಒಂಬತ್ತರಿಂದ ಮೂರರ ಸ್ವಿಂಗ್‌ನಲ್ಲಿ, ಎಡಕ್ಕೆ ಹೋಗದಂತೆ ತಡೆಯಲು ಎದೆಯನ್ನು ಇನ್ನಷ್ಟು ತಿರುಗಿಸಿಬಿಟ್ಟೆ. ಚೆಂಡು ತಗ್ಗಿನಲ್ಲಿ ನೇರವಾಗಿ ಹೋಯಿತು, ಕೈಗೆ ತಾಗಿದ್ದೇ ತಿಳಿಯಲಿಲ್ಲ. ಬಗ್ಗಿ ನೋಡಿದರೆ ಡಿವಟ್ ಗೆರೆಯಿಂದ ಎರಡು ಬೆರಳು ಮುಂದೆ ಶುರುವಾಗಿತ್ತು, ಗೆರೆಯ ಸುಣ್ಣ ಅಳಿಸದೆ ಹಾಗೆಯೇ ಇತ್ತು.

ಈಗ ಚಿಕ್ಕ ಸ್ವಿಂಗ್‌ನಲ್ಲಿ ಹತ್ತಕ್ಕೆ ಏಳು ಡಿವಟ್‌ಗಳು ಗೆರೆಯ ಮುಂದೆ ಬೀಳುತ್ತಿವೆ. ಪೂರ್ತಿ ಸ್ವಿಂಗ್‌ನಲ್ಲಿ ಅರ್ಧಕ್ಕರ್ಧ. ಆಯಾಸವಾದಾಗ ಸೊಂಟ ಮತ್ತೆ ಮುಂದೆ ಬರುತ್ತದೆ. ಹೊಸ ಕೈಗವಸಿನ ಅಂಗೈಯ ಬುಡದಲ್ಲಿ ಇದುವರೆಗೆ ಸವೆತ ಕಾಣಿಸಿಲ್ಲ. ಐದನೇ ಐರನ್ ಹಿಡಿಯಲು ಇನ್ನೂ ಧೈರ್ಯ ಸಾಲದು. ಪೂರ್ತಿ ಸ್ವಿಂಗ್‌ನಲ್ಲಿಯೂ ಹತ್ತಕ್ಕೆ ಏಳು ಬರುವವರೆಗೆ ಏಳನೇ ಐರನ್‌ನಲ್ಲೇ ಇರುತ್ತೇನೆ.